ಸಾತವ್ವನ ಕನಸು ಕಚೇರಿಗೆ ಹೋದದ್ದು

ಸಾತವ್ವ ಎಣ್ಣೆ ಬಾವಿಯ ಕಟ್ಟೆಯ ಮೇಲೆ ಚಾಪೆ ಹಾಸಿ ಮಲಗಿದಳೆಂದರೆ ಆಚೆ ಓಣಿಯ ನಾಯಿಯೂ ಬೊಗಳುತ್ತಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಒಂದು ತಾಸು. ನಾನು ಪೈಪಿನ ಮೇಲೆ ಕೈಯಿಟ್ಟು ಅವಳ ತಲೆಯ ಹತ್ತಿರ ಕೂತಿರುತ್ತಿದ್ದೆ. ನನ್ನ ಕೈಕೆಳಗಿನ ಆಳುಗಳು ಹಗ್ಗ, ಪಾನಾ ಎಲ್ಲ ಕೆಳಗಿಟ್ಟು ಬೇವಿನ ನೆರಳಿಗೆ ಸರಿಯುತ್ತಿದ್ದರು. ಅಷ್ಟು ಹೊತ್ತು ಊರಿನಲ್ಲಿ ಗಾಳಿ ಸಹ ಸುಮ್ಮನಿರುತ್ತಿತ್ತು. ಆಮೇಲೆ ಸಾತವ್ವ ಕಣ್ಣು ಬಿಡುತ್ತಿದ್ದಳು. ಬಾಯಿ ಮುಕ್ಕಳಿಸುವ ಮೊದಲು, ನೀರು ಕುಡಿಯುವ ಮೊದಲು, ಮತ್ತೊಬ್ಬರ ಹತ್ತಿರ ಒಂದು ಮಾತಾಡುವ ಮೊದಲು, ಕಂಡ ಕನಸನ್ನು ನನಗೆ ಹೇಳುತ್ತಿದ್ದಳು. ಯಾರು ಕೆಲಸಕ್ಕೆ ಕೈ ಹಾಕುತ್ತಾರೋ ಅವರಿಗೇ ಮೊದಲು ಹೇಳಬೇಕು. ನಡುವೆ ಇನ್ನೊಬ್ಬರ ಕಿವಿಗೆ ಬಿದ್ದರೆ ಕನಸು ಹಳಸಿಹೋಗುತ್ತದೆ. ನಮ್ಮಲ್ಲಿ ಮೊದಲಿನಿಂದ ಹಾಗೇ ನಡೆದುಬಂದಿತ್ತು.

ಊರಿನ ಸುತ್ತ ಅರವತ್ತು ಬಾವಿಗಳಿದ್ದವು. ಬಾವಿಗಳೂ ಅವುಗಳೊಳಗಿನ ಎಣ್ಣೆಯೂ ಹೊಳೆಯಾಚೆಯ ದೊಡ್ಡ ಕಂಪನಿಯವರದು. ಆದರೆ ಬಾವಿಗಳ ಆರೈಕೆ ನಮ್ಮದು. ತಳದಲ್ಲಿ ಕೂತ ಮರಳು ತೆಗೆಯುವುದು, ಸವೆದ ಪೈಪು ಬದಲಿಸುವುದು, ಬಿರುಕು ಬಿಟ್ಟಲ್ಲಿ ಸಿಮೆಂಟು ಇಳಿಸುವುದು, ಮುಚ್ಚಿದ ಬಾವಿಯನ್ನು ತಿರುಗಿ ತೆರೆಯುವುದು. ಈ ಕೆಲಸಕ್ಕಾಗಿಯೇ ಗುರುಪಾದಪ್ಪ ಹೊಂಬಳ ಅನ್ನುವ ಯಜಮಾನರು ಕಟ್ಟಿದ ಕಂಪನಿಯಲ್ಲಿ ನಾನು, ಫಕೀರಪ್ಪ, ಇಪ್ಪತ್ತೆರಡು ವರ್ಷ ಮೇಸ್ತ್ರಿಯಾಗಿದ್ದೆ. ಸಾತವ್ವನೂ ಅಷ್ಟೇ ವರ್ಷ ಮಲಗಿದಳು. ಮಲಗಿಯೇ ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದವಳು ಅವಳು ಅಂತ ನಾವು ಚೇಷ್ಟೆ ಮಾಡಿದರೆ, ಎದ್ದು ದುಡಿದ ನೀವು ಏನು ಕಿಸಿದಿರಿ ಅಂತ ತಿರುಗಿ ಕೇಳುತ್ತಿದ್ದಳು.

ಬಾವಿಯ ಕನಸು ಎಂದೂ ನೇರವಾಗಿ ಬರುತ್ತಿರಲಿಲ್ಲ. ಕೆಳಗೊಬ್ಬ ಹೆಂಗಸು ಕೂದಲು ಬಿಚ್ಚಿಕೊಂಡು ಕೂತಿದ್ದಳು ಅಂದರೆ ತಳದಲ್ಲಿ ಮರಳು ಕೂತಿದೆ ಅಂತ ನನಗೆ ತಿಳಿಯುತ್ತಿತ್ತು. ಮುದುಕನೊಬ್ಬ ಕೆಮ್ಮುತ್ತಿದ್ದ ಅಂದರೆ ಪೈಪು ಸವೆದಿದೆ. ಎಲ್ಲಕ್ಕಿಂತ ನಾವು ಹೆದರುತ್ತಿದ್ದ ಕನಸು ಒಂದಿತ್ತು. ಬಾಗಿಲ ಹಿಂದೆ ಜನ ನಿಂತಿದ್ದಾರೆ ಅಂತ ಸಾತವ್ವ ಹೇಳಿದಳೆಂದರೆ ಒಳಗೆ ಗ್ಯಾಸು ತುಂಬಿ ಒತ್ತುತ್ತಿದೆ ಅಂತ ಅರ್ಥ. ಆವತ್ತು ಪೈಪಿನಿಂದ ಕೈ ತೆಗೆದು ಮನೆಗೆ ಹೋಗುತ್ತಿದ್ದೆವು. ಎರಡು ದಿನವಾಗಲಿ, ಎಂಟು ದಿನವಾಗಲಿ, ಜನ ಹೋದರು ಅಂತ ಸಾತವ್ವ ಹೇಳುವತನಕ ಆ ಬಾವಿಯನ್ನು ಮುಟ್ಟುತ್ತಿರಲಿಲ್ಲ. ಹೊಳೆಯಾಚೆಯವರು ಕೂಗಾಡಿದರೆ ಯಜಮಾನರು ತಾವೇ ಹೋಗಿ ಬೈಸಿಕೊಂಡು ಬರುತ್ತಿದ್ದರು. ಬೈಗುಳ ನಮ್ಮ ಕಿವಿಯವರೆಗೆ ಒಂದು ದಿನವೂ ಬರಲಿಲ್ಲ.

ಯಜಮಾನರು ತೀರಿಕೊಂಡ ಮೇಲೆ ಮಗಳು ರತ್ನಮಾಲಾ ಬಂದು ಅವರ ಕುರ್ಚಿಯಲ್ಲಿ ಕೂತಳು. ಬಾವಿಗಳಿಗೆ ಕನಸು ಬೀಳದ ಯಾವುದೋ ದೂರದ ಊರಿನಲ್ಲಿ ಕಂಪನಿ ನಡೆಸುವ ವಿದ್ಯೆ ಓದಿದ್ದಳು. ಅವಳು ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಚಹಾದಂಗಡಿಯಲ್ಲಿ ಕೂತವರೆಲ್ಲ ಆದದ್ದನ್ನು ಅವಳ ತಲೆಗೇ ಕಟ್ಟುತ್ತಾರೆ. ಹಾಗೆ ಕಟ್ಟುವವರಲ್ಲಿ ಮುಕ್ಕಾಲುಪಾಲು ಆಗ ಅವಳ ಮುಂದೆ ಕೈಕಟ್ಟಿ ನಿಂತು ಹೂಂಗುಟ್ಟಿದವರು. ನಾನೂ ಅವರಲ್ಲೊಬ್ಬ. ಸಣ್ಣವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾವಿ ಬಾವಿ ತೋರಿಸಿದವನು ನಾನು. ಕೆಲಸಕ್ಕೆ ಬಂದ ಮೊದಲ ದಿನವೇ ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, “ಕಾಕಾ, ಅಪ್ಪನ ಕೈಯಾಗ ಬೆಳೆದ ಕಂಪನಿ ಮಗಳ ಕೈಯಾಗ ಮುಳುಗಿತು ಅಂತ ಯಾರೂ ಅನಬಾರದು. ನನಗ ಅದೊಂದ ಹೆದರಿಕಿ” ಅಂದಳು. ಏನೂ ಆಗುವುದಿಲ್ಲ ಅಂತ ನಾನು ಧೈರ್ಯ ಹೇಳಿದೆ. ಅವಳಿಗೆ ಬೇಕಾದ ಮಾತನ್ನು ಹೇಳುವ ನನ್ನ ಚಾಳಿ ಆವತ್ತೇ ಶುರುವಾಯಿತು ಅಂತ ಈಗ ಅನ್ನಿಸುತ್ತದೆ.

ಮೊದಲ ವಾರ ತಾನೇ ಬಾವಿಗೆ ಬಂದು ನಮ್ಮ ಜೊತೆ ಬಿಸಿಲಲ್ಲಿ ಕೂತಳು. ಸಾತವ್ವನಿಗೆ ಆವತ್ತು ಬಾಗಿಲ ಹಿಂದೆ ಜನ ಕಂಡರು. ನಾನು ಕೈ ತೆಗೆದೆ. ರತ್ನಮಾಲಾ ಗಾಬರಿಯಾದಳು. ಹೊಳೆಯಾಚೆಯವರಿಗೆ ಯಾವ ಆಧಾರ ತೋರಿಸಲಿ, ಇನ್ನೊಬ್ಬರು ಮಲಗಿದ್ದರೆ ಇದೇ ಕನಸು ಬೀಳುತ್ತಿತ್ತೇ, ಇದೆಲ್ಲಾದರೂ ಬರೆದಿಟ್ಟದ್ದು ಇದೆಯೇ ಅಂತ ಒಂದರ ಮೇಲೊಂದು ಕೇಳಿದಳು. ಮರುದಿನ ಕಚೇರಿಯ ಗೋಡೆಗೆ ಹೊಸ ನಿಯಮ ಅಂಟಿತ್ತು. ಇನ್ನು ಮೇಲೆ ಎದ್ದ ತಕ್ಷಣ ಕನಸನ್ನು ಕಚೇರಿಗೆ ಬಂದು ಹೇಳಬೇಕು. ಅಲ್ಲಿ ಬರೆದುಕೊಂಡು, ಓದಿ, ಏನು ಮಾಡಬೇಕೆಂದು ಅಲ್ಲಿಂದಲೇ ಚೀಟಿ ಕಳಿಸುತ್ತಾರೆ. ಹೀಗಾದರೆ ಕನಸು ಹಳಸುತ್ತದೆ ಅಂತ ನಾನು ಹೋಗಿ ಹೇಳಿದೆ. ಬರೆದಿಟ್ಟದ್ದು ಹಳಸುವುದಿಲ್ಲ ಕಾಕಾ ಅಂತ ನಕ್ಕಳು. ಎಷ್ಟು ವಿಶ್ವಾಸದಿಂದ ನಕ್ಕಳೆಂದರೆ ನಾನೂ ನಕ್ಕುಬಿಟ್ಟೆ.

ಪೈಪುಗಳನ್ನು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಕನಸಿನ ವಿಭಾಗ ತೆರೆದರು. ಪೈಪುಗಳು ಹೊರಗೆ ಬಯಲಿಗೆ ಬಿದ್ದು ತುಕ್ಕು ಹಿಡಿದವು. ಕನಸು ಬರೆಯಲು ಪ್ರಲ್ಹಾದ ಅನ್ನುವವನು ಬಂದ. ಊರಿನಲ್ಲೇ ಲಗ್ನಪತ್ರಿಕೆ ಬರೆದುಕೊಂಡಿದ್ದವನು, ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದರೆ ಜನ್ಮವಿಡೀ ಶುಭವನ್ನೇ ಬರೆದ ಕೈ, ಅಶುಭ ಬರೆಯಲು ಏಳುತ್ತಲೇ ಇರಲಿಲ್ಲ. ಮುದುಕ ಕೆಮ್ಮುತ್ತಿದ್ದ ಅಂತ ಹೇಳಿದರೆ ಹಿರಿಯರೊಬ್ಬರು ಮಾತಾಡಲು ಅಣಿಯಾಗುತ್ತಿದ್ದರು ಅಂತ ಬರೆಯುತ್ತಿದ್ದ. ಅದನ್ನು ಓದಿ ಮೇಲಿನವರು ಬಾವಿ ಆರೋಗ್ಯವಾಗಿದೆ ಅಂತ ಚೀಟಿ ಕಳಿಸುತ್ತಿದ್ದರು.

ರತ್ನಮಾಲಾ ಯಾರನ್ನೂ ಬೈಯುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆಟ್ಟ ಕನಸು ತಂದವರನ್ನು ಎದುರಿಗೆ ಕೂರಿಸಿಕೊಂಡು, ಯಾಕೆ ಹೀಗಾಯಿತು, ಎಲ್ಲಿ ತಪ್ಪಿದೆವು ಅಂತ ಮೆಲ್ಲಗೆ ಕೇಳುತ್ತ, ತಂದಿಟ್ಟ ಚಹಾ ಮೂರು ಸಲ ಆರಿದರೂ ಬಿಡುತ್ತಿರಲಿಲ್ಲ. ಕೇಳುತ್ತ ಕೇಳುತ್ತ ಅವಳ ಮುಖ ಬಾಡುತ್ತಿತ್ತು. ಒಳ್ಳೆಯ ಕನಸು ತಂದವರು ಎರಡು ನಿಮಿಷದಲ್ಲಿ ಮನೆಗೆ ಹೋಗುತ್ತಿದ್ದರು. ಹೀಗಿರುವಾಗ ಯಾರಿಗೆ ಯಾವ ಕನಸು ಬೀಳಬೇಕು, ನೀವೇ ಹೇಳಿ. ಹೊಸದಾಗಿ ಮೂವತ್ತು ಜನ ಮಲಗುವವರನ್ನು ತೆಗೆದುಕೊಂಡರು. ಒಂದು ತಾಸಿನ ನಿದ್ದೆ ಕಾಲು ತಾಸಾಯಿತು. ತಿಂಗಳಿಗೊಮ್ಮೆ ಚೆಂದದ ಕನಸು ಕಂಡವರಿಗೆ ಶಾಲು ಹೊದಿಸಿದರು. ನಿಂಗರಾಜ ಅನ್ನುವವನೊಬ್ಬ ಬರೀ ಹೂದೋಟಗಳನ್ನೇ ಕಂಡು ಮೂರು ಶಾಲು ಹೊದ್ದ. ಅವನ ಹೂದೋಟದ ಬಾವಿಗೆ ನಾವು ಹೋಗಿ ನೋಡಿದರೆ ಪೈಪಿನ ಅರ್ಧದವರೆಗೆ ಮರಳು.

ಆಗ ನಾವೇನು ಮಾಡಿದೆವು? ಸುಮ್ಮನೆ ಮರಳು ತೆಗೆದೆವು. ಎರಡು ದಿನದ ಕೆಲಸಕ್ಕೆ ನಾಲ್ಕು ದಿನ ದುಡಿದು, ಕನಸಿನಂತೆಯೇ ಇತ್ತು ಅಂತ ಚೀಟಿಯ ಕೆಳಗೆ ಸಹಿ ಹಾಕಿ ಕಳಿಸಿದೆವು. ಇಲ್ಲ ಅಂದರೆ ಚಹಾ ಆರುವವರೆಗೆ ಕೂರಬೇಕಲ್ಲ. ನಮ್ಮ ಸಹಿ ನೋಡಿ ನಿಂಗರಾಜನ ಕನಸು ಖರೆ ಅಂತ ಅವರು ತಿಳಿದರು. ಹೀಗೆ ಒಂದು ವರ್ಷ ನಡೆಯಿತು. ಅಷ್ಟರಲ್ಲಿ ಊರಿಗೆ ಏನೋ ಆಗಿತ್ತು. ಮಧ್ಯಾಹ್ನ ನಾಯಿಗಳು ಬೊಗಳತೊಡಗಿದವು. ಬಾವಿಕಟ್ಟೆಗಳ ಮೇಲೆ ಕಣ್ಣು ಮುಚ್ಚಿ ಬಿದ್ದವರು ಎಚ್ಚರವಾಗಿರುತ್ತಿದ್ದರು, ದಾರಿಯಲ್ಲಿ ಓಡಾಡುವವರು ಜೋಂಪಿನಲ್ಲಿರುತ್ತಿದ್ದರು. ಸಂತೆಯಲ್ಲಿ ಬದನೆಕಾಯಿ ತೂಗುವವಳು ತಕ್ಕಡಿ ಹಿಡಿದೇ ನಿದ್ದೆ ಹೋಗುತ್ತಿದ್ದಳು, ಕೊಳ್ಳುವವರು ಅವಳು ಏಳಲಿ ಅಂತ ಕಾಯುತ್ತಿದ್ದರು. ನೆಲಕ್ಕೆ ಕಿವಿಯಿಟ್ಟರೆ ಒಳಗೆ ಯಾರೋ ಗುನುಗುವುದು ಕೇಳುತ್ತಿತ್ತು. ಅದಕ್ಕೂ ನಾವು ಹೊಂದಿಕೊಂಡೆವು.

ಇಂಥಾದ್ದರಲ್ಲಿ ರತ್ನಮಾಲಾ ಹೊಳೆ ದಾಟಿ ಹೋಗಿ, ದೀಪಾವಳಿಯೊಳಗೆ ಅರವತ್ತೂ ಬಾವಿಗಳ ಕೆಲಸ ಮುಗಿಸಿಕೊಡುತ್ತೇನೆ ಅಂತ ಮಾತು ಕೊಟ್ಟುಬಂದಳು. ಅಪ್ಪನ ಕಾಲದಲ್ಲಿ ವರ್ಷಕ್ಕೆ ಇಪ್ಪತ್ತು ಆಗುತ್ತಿದ್ದವು. ಆದರೆ ಅವಳ ಮೇಜಿನ ಮೇಲಿದ್ದ ಕನಸುಗಳನ್ನು ನೋಡಿದರೆ ಅರವತ್ತು ಏನು, ನೂರೂ ಆಗುತ್ತಿದ್ದವು. ಕಚೇರಿಯಲ್ಲಿ ಪ್ರತಿ ಸೋಮವಾರ ನಡೆಯುವ ಸಭೆ ಒಮ್ಮೆ ಮುಗಿದ ಮೇಲೆ ನನ್ನೊಬ್ಬನನ್ನು ನಿಲ್ಲಿಸಿಕೊಂಡಳು. ಉಳಿದವರ ಮಾತು ಹಾಗಿರಲಿ, ನೀವು ಹೇಳಿ, ನಿಜವಾಗಿ ಎಲ್ಲ ಸರಿ ನಡೆದಿದೆಯೇ ಅಂತ ಕೇಳಿದಳು. ಕೇಳುವಾಗ ನನ್ನ ಕಣ್ಣನ್ನೇ ನೋಡುತ್ತಿದ್ದಳು. ಹೂಂ ಅನ್ನಲಿ ಅಂತ ಅವಳ ಜೀವ ಬಾಯಿಗೆ ಬಂದಿತ್ತು. ನಾನು, “ಎಲ್ಲಾ ಚಲೋ ನಡದೈತ್ರಿ” ಅಂದೆ. ಅವಳ ಮುಖ ಅರಳಿತು. ನನಗೂ ಹಿತವಾಯಿತು.

ಸಾತವ್ವ ಗೇಟಿನಲ್ಲಿ ಕಾದಿದ್ದಳು. ಏನು ಹೇಳಿ ಬಂದೆ ಅಂತ ಕೇಳಿದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. “ನಿನ್ನ ನಾಲಿಗಿಗೆ ಏನಾಗೇತಿ ಅಣ್ಣಾ? ನಾ ಹೇಳಿದ್ರ ಅಕ್ಷರಾ ಬರದ ಹೆಂಗಸು ಅಂತಾರ. ನೀ ಹೇಳಿದ್ರ ಆಕಿ ಕೇಳತಾಳ. ನೀ ಒಬ್ಬಾಂವ ಹೇಳಿದ್ರ ಸಾಕು” ಅಂದಳು. ಮುಂದಿನ ಸೋಮವಾರ ಹೇಳುತ್ತೇನೆ ಅಂದೆ. ಆಮೇಲೆ ಆರು ಸೋಮವಾರ ಬಂದು ಹೋದವು.

ಹೊಳೆದಂಡೆಯ ಮೂವತ್ತೊಂದನೆಯ ಬಾವಿ ಹಳೆಯದು, ಮುಚ್ಚಿ ಎಷ್ಟೋ ವರ್ಷವಾಗಿತ್ತು. ತೆರೆಯಬೇಕಿತ್ತು. ಆವತ್ತು ಸಾತವ್ವನೇ ಮಲಗಿದಳು. ಕಾಲು ತಾಸಿಗೆ ಗಂಟೆ ಬಾರಿಸಿದರೂ ಏಳಲಿಲ್ಲ, ಪೂರ್ತಿ ಒಂದು ತಾಸು ಮಲಗಿದಳು. ಎದ್ದವಳ ಹಣೆ ಬೆವೆತಿತ್ತು. ಸೀದಾ ನನ್ನ ಕಡೆ ತಿರುಗಿ ಬಾಯಿ ತೆರೆದಳು. ನಾನು ಕೈ ಎತ್ತಿ ತಡೆದೆ. ಯಾಕೆ ತಡೆದೆ ಅಂತ ನನ್ನನ್ನು ಕೇಳಬೇಡಿ, ನಾನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ನಿಯಮ ಮುರಿದವರನ್ನು ಕೆಲಸದಿಂದ ತೆಗೆಯುತ್ತಾರೆ, ಅವಳಿಗೆ ಯಾಕೆ ತೊಂದರೆ ಅನ್ನಿಸಿತ್ತು. ಕೇಳಿಬಿಟ್ಟರೆ ನಾನೇ ಹೋಗಿ ಬೇಡ ಅನ್ನಬೇಕಾಗುತ್ತಲ್ಲ ಅಂತಲೂ ಅನ್ನಿಸಿತ್ತು. ಎರಡನೆಯದೇ ಹೆಚ್ಚು ಖರೆ. “ಕಚೇರಿಗೆ ಹೋಗಿ ಹೇಳಿ ಬಾರವ್ವಾ” ಅಂದೆ. ಸಾತವ್ವ ಬಾಯಿ ಮುಚ್ಚಿಕೊಂಡು ಹೊರಟಳು.

ಆಮೇಲೆ ನನಗೆ ತಿಳಿದದ್ದು ಇಷ್ಟು. ಬಾಗಿಲ ಹಿಂದೆ ಜನ ನಿಂತಿದ್ದಾರೆ, ಅಗಳಿ ಬಾಗಿದೆ, ಇಷ್ಟು ಜನರನ್ನು ನಾನು ಎಂದೂ ಕಂಡಿಲ್ಲ ಅಂತ ಅವಳು ಹೇಳಿದಳು. ಬಾಗಿಲ ಬಳಿ ಬಹಳ ಜನ ಕಾದಿದ್ದಾರೆ ಅಂತ ಪ್ರಲ್ಹಾದ ಬರೆದ. ಅವನ ಮೇಲಿನವನು ಅದನ್ನು ತಿದ್ದಿ, ಜನ ಉತ್ಸಾಹದಿಂದ ಕಾದಿದ್ದಾರೆ ಅಂತ ಮಾಡಿದ. ರತ್ನಮಾಲಾಳ ಮೇಜಿಗೆ ಬರುವ ಹೊತ್ತಿಗೆ ಬಾವಿ ಉತ್ಸುಕವಾಗಿದೆ ಅಂತ ಒಂದೇ ಸಾಲು ಉಳಿದಿತ್ತು. ಅವಳು ಸಂತೋಷದಿಂದ ಸಹಿ ಹಾಕಿದಳು. ಚೀಟಿ ನನ್ನ ಕೈಗೆ ಬಂತು. ಬಾವಿ ಉತ್ಸುಕವಾಗಿದೆ, ತೆರೆಯಿರಿ. ನನ್ನ ಅಂಗೈ ಕೆಳಗೆ ಪೈಪು ಸಣ್ಣಗೆ ನಡುಗುತ್ತಿತ್ತು. ಇಪ್ಪತ್ತೆರಡು ವರ್ಷದ ಕೈಗೆ ಆ ನಡುಕ ಗೊತ್ತಿತ್ತು. ಗೊತ್ತಿದ್ದೂ ನಾನು ಚೀಟಿಯನ್ನು ಇನ್ನೊಮ್ಮೆ ಓದಿ, ಜೇಬಿಗೆ ಹಾಕಿಕೊಂಡು, ವಾಲ್ವು ತಿರುಗಿಸಲು ನನ್ನ ಕೈಕೆಳಗಿನ ಆಳು ಹುಸೇನಸಾಬನಿಗೆ ಹೇಳಿದೆ.

ಸದ್ದೇ ಆಗಲಿಲ್ಲ. ಅದೇ ವಿಚಿತ್ರ. ವಾಲ್ವಿನ ಚಕ್ರ ತಾನೇ ಗಿರ್ರನೆ ತಿರುಗಿ ಹುಸೇನಸಾಬನ ಎರಡೂ ತೋಳು ಮುರಿಯಿತು. ಆಮೇಲೆ ಎಣ್ಣೆ ಎದ್ದಿತು. ಕಪ್ಪಗೆ, ನಿಧಾನವಾಗಿ, ಬೇವಿನ ಮರ ದಾಟಿ, ಊರ ಗೋಪುರ ದಾಟಿ ಮೇಲೆ ಹೋಗಿ ಅಲ್ಲೇ ನಿಂತಿತು. ನಾವೆಲ್ಲ ತಲೆಯೆತ್ತಿ ನೋಡುತ್ತ ನಿಂತೆವು. ಮಧ್ಯಾಹ್ನದಿಂದ ಸಂಜೆಯವರೆಗೆ ಅದು ಊರ ಮೇಲೆ ತೊಟ್ಟಿಕ್ಕಿತು. ಒಣಹಾಕಿದ ಬಟ್ಟೆಯ ಮೇಲೆ, ಮಾಳಿಗೆಯ ಹಪ್ಪಳದ ಮೇಲೆ, ಶಾಲೆ ಬಿಟ್ಟು ಬರುವ ಮಕ್ಕಳ ತಲೆಯ ಮೇಲೆ. ಸಾತವ್ವ ಕಚೇರಿಯಿಂದ ಓಡುತ್ತ ಬಂದಳು. ಚೀಟಿಯಲ್ಲಿ ಏನು ಬರೆದರು ಅಂತ ಅವಳಿಗೆ ಆಗಷ್ಟೇ ಯಾರೋ ಓದಿ ಹೇಳಿದ್ದರಂತೆ. ನನ್ನ ಪಕ್ಕ ಬಂದು ನಿಂತು ತೊಯ್ದಳು. ಕತ್ತಲಾಗುವುದರೊಳಗೆ ಉಳಿದ ಬಾವಿಗಳೂ ಒಂದೊಂದಾಗಿ ಎಣ್ಣೆ ಕೊಡುವುದನ್ನು ನಿಲ್ಲಿಸಿದವು. ಸಾತವ್ವನ ನಿದ್ದೆಯೂ ಆವತ್ತೇ ಹೋಯಿತು. ಈಗಲೂ ಅವಳು ಮಲಗುವುದಿಲ್ಲ.

ಕಂಪನಿ ಒಮ್ಮೆಲೇ ಬೀಳಲಿಲ್ಲ. ಹೊಳೆಯಾಚೆಯವರು ಹತ್ತು ಹತ್ತು ಬಾವಿಗಳನ್ನು ನಮ್ಮಿಂದ ತೆಗೆದು ಬೇರೆ ಊರವರಿಗೆ ಕೊಟ್ಟರು. ಅವರು ತಮ್ಮ ಚಾಪೆ, ತಮ್ಮ ಮಲಗುವವರನ್ನು ಕರೆದುಕೊಂಡು ಬಂದು, ಬಾವಿಗಳನ್ನು ರಮಿಸಿ ಎಬ್ಬಿಸಿಕೊಂಡರು. ನಮ್ಮ ಕಚೇರಿಯಲ್ಲಿ ಸೋಮವಾರದ ಸಭೆ ಮಾತ್ರ ತಪ್ಪಲಿಲ್ಲ. ನಮ್ಮದಲ್ಲದ ಬಾವಿಗಳ ಕನಸನ್ನು ಪ್ರಲ್ಹಾದ ಬರೆಯುತ್ತಲೇ ಇದ್ದ. ಖಾಲಿ ಕುರ್ಚಿಗಳು ಹೆಚ್ಚಾದವು. ನಿಂಗರಾಜ ಮೂರೂ ಶಾಲು ಮಡಚಿಟ್ಟುಕೊಂಡು ಹೊಸಬರ ಕಡೆ ಹೋದ. ಕೊನೆಗೆ ಉಳಿದವರು ಐದಾರು ಮಂದಿ. ಒಂದು ದಿನ ರತ್ನಮಾಲಾ ನನ್ನ ಎದುರಿಗೆ ಬಂದು ಕೂತು, “ನೀವ್ಯಾಕ ನನಗ ಹೇಳಲಿಲ್ಲ ಕಾಕಾ?” ಅಂತ ಕೇಳಿದಳು. ಕೋಪವಿರಲಿಲ್ಲ. “ಹೇಳಿದ್ರ ನಿಮ್ಮ ಮಾರಿ ಸಣ್ಣದ ಆಗತಿತ್ತು. ನನಗ ಅದನ್ನ ನೋಡೂದು ಆಗತಿರಲಿಲ್ಲ” ಅಂದೆ. ಇದ್ದದ್ದು ಅದೇ. ಇಬ್ಬರೂ ಅತ್ತೆವು.

ಆಮೇಲೆ ಹೊಳೆಯಾಚೆಯಿಂದ ಕಡೆಯ ಮಾತು ಬಂತು. ಗುರುಪಾದಪ್ಪನವರ ಮುಖ ನೋಡಿ ಒಂದು ಬಾವಿಯನ್ನು ನಮಗೆ ಬಿಡುತ್ತಾರಂತೆ. ಆದರೆ ಅದರೊಳಗೆ ಏನಿದೆ ಅಂತ ಮಲಗಿ ನೋಡಿ, ಸಂಜೆ ನಾಲ್ಕರೊಳಗೆ ಹೇಳಿ ಕಳಿಸಬೇಕು. ಹೇಳಿದರೆ ಬಾವಿ ಉಳಿಯುತ್ತದೆ, ಬಾವಿಯ ಜೊತೆಗೆ ಕಂಪನಿಯ ಹೆಸರು ಉಳಿಯುತ್ತದೆ. ಇಲ್ಲವಾದರೆ ಬಾಗಿಲು ಹಾಕಿಕೊಳ್ಳಬೇಕು. ಸಾತವ್ವ ಬಂದು ಚಾಪೆ ಹಾಸಿ ಮಲಗಿ ನೋಡಿದಳು. ಕಣ್ಣು ಮುಚ್ಚಲೂ ಆಗಲಿಲ್ಲ. ಎದ್ದು ಪಕ್ಕಕ್ಕೆ ಸರಿದಳು. ಪ್ರಲ್ಹಾದ ಹಾಳೆ ತೆಗೆದು, ಒಂದು ಕನಸು ನಾನೇ ಬರೆಯಲೇನ್ರಿ ಅಂತ ಪಿಸುಗುಟ್ಟಿದ. ರತ್ನಮಾಲಾ ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟು, ಸೆರಗು ಸುತ್ತಿಕೊಂಡು ಆ ಚಾಪೆಯ ಮೇಲೆ ತಾನೇ ಮಲಗಿದಳು.

ಒಂದು ತಾಸು. ನಾನು ಪೈಪಿನ ಮೇಲೆ ಕೈಯಿಟ್ಟು ಕೂತೆ. ಅವಳ ರೆಪ್ಪೆಗಳು ಅಲುಗುತ್ತಿದ್ದವು. ಏನಾದರೂ ಕಾಣಲಿ ತಾಯಿ, ಕೂದಲು ಬಿಚ್ಚಿದ ಹೆಂಗಸೋ, ಕೆಮ್ಮುವ ಮುದುಕನೋ, ಏನೋ ಒಂದು ಕಾಣಲಿ ಅಂತ ನಾನು ಕಂಡ ದೇವರಿಗೆಲ್ಲ ಬೇಡಿಕೊಂಡೆ. ಏನೇ ಹೇಳಿದರೂ ನಾನು ಅದಕ್ಕೊಂದು ಅರ್ಥ ಹೊಂದಿಸಿ ಕೊಡುತ್ತಿದ್ದೆ. ಅವಳು ಕಣ್ಣು ಬಿಟ್ಟಳು. ನೀರು ಕೇಳಲಿಲ್ಲ, ಬೇರೆ ಯಾರ ಕಡೆಯೂ ನೋಡಲಿಲ್ಲ. ನನ್ನ ಕಡೆ ತಿರುಗಿ, “ಕಾಕಾ, ನನಗ ಏನೂ ಕಾಣಲಿಲ್ಲ. ನಿದ್ದೀನ ಬರಲಿಲ್ಲ. ಕಣ್ಣು ಮುಚಗೊಂಡು ಸುಮ್ಮನ ಬಿದ್ದಿದ್ದೆ” ಅಂದಳು.

ನಾನು ಎದ್ದು ಹೊಳೆಯ ಕಡೆ ನಡೆದೆ. ಸೇತುವೆ ಉದ್ದವಿತ್ತು, ಹೆಜ್ಜೆ ಹೆಜ್ಜೆಗೂ ನಾಲಿಗೆ ತುರಿಸುತ್ತಿತ್ತು. ಸ್ವಲ್ಪ ಮರಳಿರಬಹುದು ಅನ್ನಬಹುದಿತ್ತು. ನಾಳೆ ಇನ್ನೊಮ್ಮೆ ಮಲಗುತ್ತಾರೆ ಅನ್ನಬಹುದಿತ್ತು. ಅವರ ತಂದೆ ಎಂಥ ದೊಡ್ಡ ಮನುಷ್ಯರು ಅಂತ ಶುರುಮಾಡಬಹುದಿತ್ತು. ಆಚೆಯ ಸಾಹೇಬರು ಗಡಿಯಾರ ನೋಡಿಕೊಂಡು, ಏನಂತೆ ಅಂತ ಕೇಳಿದರು. ಅವಳು ನನಗೆ ಹೇಳಿದ ಆ ಮೂರು ಮಾತನ್ನು ನಾನು ಅವರಿಗೆ ಹೇಳಿದೆ. ಒಂದನ್ನೂ ಸೇರಿಸಲಿಲ್ಲ, ಒಂದನ್ನೂ ಬಿಡಲಿಲ್ಲ.